ವಿವರಣೆ ಪತ್ರ

ಏಳು ಗಂಟೆಗೆ ದರಪಟ್ಟಿ ಬರುತ್ತದೆ.
ಡುಲೂತ್‌ನಲ್ಲಿ ಆಗಿನ್ನೂ ಕತ್ತಲೆ;
ಸರೋವರ ದಡದಿಂದ ಅರ್ಧ ಮೈಲಿ ಹೆಪ್ಪುಗಟ್ಟಿ
ಒಳಗೊಳಗೇ ನರಳುತ್ತದೆ, ಹಳೆಯ ಮಂಚದ ಹಾಗೆ.
ಬಡ್ಡಿ ಇವತ್ತು ಅರೆಕಾಲು ಇಳಿದಿದೆ.

ಅರೆಕಾಲು ಎಂದರೆ ಎಷ್ಟು?
ವಾಷಿಂಗ್ಟನ್ನಿನಲ್ಲಿ ಯಾರೋ ಕೆಮ್ಮಿದಷ್ಟು.
ಸ್ಟೆನರ್ಸನ್ ದಂಪತಿಗೆ ತಿಂಗಳಿಗೆ ಹದಿನೈದು ಡಾಲರ್:
ಮೆಟ್ಟಿಲ ಹಿಮಕ್ಕೆ ಎರಡು ಚೀಲ ಉಪ್ಪು,
ಇಲ್ಲವೆ ಮಗನ ಹಾಕಿ ಬೂಟಿಗೆ ಎರಡು ಸಲ ಸಾಣೆ.
ಅಂಗಡಿಯ ಸರದಿಯಲ್ಲಿ ಮೊಟ್ಟೆ ಹಿಡಿದು ನಿಂತ ಮುದುಕ ಕೇಳುತ್ತಾನೆ,
"ಇನ್ನೂ ಇಳಿಯುತ್ತದಾ?"
ಗೊತ್ತಿಲ್ಲ ಎನ್ನುತ್ತೇನೆ.
ಅವನು ನನ್ನ ಬೂಟು ನೋಡಿ ತಾನೇ ಲೆಕ್ಕ ಹಾಕಿಕೊಳ್ಳುತ್ತಾನೆ.

ಇಪ್ಪತ್ತೆರಡು ವರ್ಷದಿಂದ ನಾನು ಓದುತ್ತಿರುವುದು
ಒಂದೇ ಬಗೆಯ ಸಾಹಿತ್ಯ: ವಿವರಣೆ ಪತ್ರ.
ಕಂತು ಏಕೆ ತಪ್ಪಿತು, ದುಡ್ಡು ಎಲ್ಲಿಂದ ಬಂತು,
ನಡುವೆ ನಾಲ್ಕು ತಿಂಗಳು ಏನು ಮಾಡುತ್ತಿದ್ದಿರಿ.
ಕಾರಣ ಸಾಕು, ಕಥೆ ಬೇಡ, ಎಂದಿರುತ್ತೇನೆ.
ಕಥೆಯನ್ನೇ ಬರೆಯುತ್ತಾರೆ.

"ಮಾರ್ಚ್ ಕಂತಿನ ಚೆಕ್ಕು ಅಂಚೆಗೆ ಹಾಕೆಂದು ಅಮ್ಮನಿಗೆ ಕೊಟ್ಟಿದ್ದೆ.
ಮಣ್ಣು ಮಾಡಿ ಬಂದ ಮೇಲೆ ಅವಳ ಕೋಟಿನ ಜೇಬಿನಲ್ಲಿ ಸಿಕ್ಕಿತು."
"ಮೂರು ಸಾವಿರದ ಇನ್ನೂರು, ದೋಣಿ ಮಾರಿದ್ದು. ಫೋಟೋ ಲಗತ್ತಿಸಿದೆ."
ಫೋಟೋ ಯಾರೂ ಕೇಳಿರಲಿಲ್ಲ. ನೀಲಿ ದೋಣಿ. ಅದರಲ್ಲೊಂದು ನಾಯಿ.
"ಅದಿರಿನ ಹಡಗುಗಳು ನಿಂತವು, ನಾನೂ ನಿಂತೆ."
ಒಬ್ಬಾಕೆ ಬರೆದದ್ದು ಇಷ್ಟೇ:
"ಆ ವರ್ಷ ನನಗೆ ಮದುವೆಯಾಗಿತ್ತು."
ಮಂಜೂರು.

ಕಚೇರಿಯಲ್ಲಿ ಯಾರಿಗೂ ಹೇಳಿಲ್ಲ: ನಾನಿರುವುದು ಬಾಡಿಗೆಗೆ,
ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಮೇಲೆ.
ಮೂವತ್ತು ವರ್ಷದಾಚೆಯ ಬೆಳಗನ್ನು
ದಿನಕ್ಕೆ ಐದು ಸಲ ಮಾರುವವನಿಗೆ
ತನಗೊಂದನ್ನು ಕೊಳ್ಳುವ ಧೈರ್ಯ ಬರಲಿಲ್ಲ.
ಕೆಳಗೆ ಡ್ರಿಲ್ಲು ಶುರುವಾದರೆ
ಸೂಪಿನ ಬಟ್ಟಲಲ್ಲಿ ಸಣ್ಣ ಅಲೆ.

ಪತ್ರ ಕೇಳದ ಕಾಲವೂ ಒಂದಿತ್ತು.
ಎರಡು ಸಾವಿರದ ಆರು. ಬಾಯಿಮಾತೇ ಸಂಬಳದ ಚೀಟಿ.
ಪಿಯಾನೊ ಹೊರುವ ಓರಿನ್ ತೈಪಲೆ
ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ್ದ,
"ಆದಾಯ ಎಷ್ಟೆಂದು ಬರೆಯಲಿ?"
"ಸಾಕಾಗುವಷ್ಟು" ಎಂದೆ.
ಆಮೇಲೆ ನಾನೇ ಒತ್ತಿದೆ, ಒಂಬತ್ತು, ಮುಂದೆ ಮೂರು ಸೊನ್ನೆ,
ಈಗ ಕಪ್ಪಿನ ಕಿವಿಯೊಳಗಿರುವ ಇದೇ ಬೆರಳಿನಿಂದ.

ಮೂರನೇ ವರ್ಷ ಆ ಬಾಗಿಲಿಗೆ ಬ್ಯಾಂಕಿನ ಬೀಗ ಬಿತ್ತು.
ನನ್ನಿಂದ ಯಾರೂ ವಿವರಣೆ ಕೇಳಲಿಲ್ಲ.
ಅದಕ್ಕೂ ಮೊದಲೇ ಒಂದು ಗಾಜಿನ ಫಲಕ ಕೊಟ್ಟಿದ್ದರು, ಹೆಸರು ಕೆತ್ತಿಸಿ.
ಗಾಳಿಗೆ ಬಾಗಿಲು ಮುಚ್ಚಿಕೊಳ್ಳದಿರಲೆಂದು
ಈಗ ಅದನ್ನು ಕೆಳಗೆ ಒತ್ತುಕೊಟ್ಟಿದ್ದೇನೆ.

ಓರಿನ್ ಈಗ ನಮ್ಮ ಕಚೇರಿ ಅಂಗಳದ ಹಿಮ ತಳ್ಳುತ್ತಾನೆ.
ಅವನ ಲಾರಿಯ ಹಳದಿ ದೀಪ
ಬೆಳಗಿನ ಜಾವ ನನ್ನ ಗೋಡೆಯ ಮೇಲೆ ಸುತ್ತುತ್ತದೆ.
ಸ್ಟೀರಿಂಗಿನಿಂದ ಎರಡು ಬೆರಳೆತ್ತುತ್ತಾನೆ. ನಾನೂ ಎತ್ತುತ್ತೇನೆ.
ಹದಿನಾಲ್ಕು ಚಳಿಗಾಲ, ಇಷ್ಟೇ ಮಾತುಕತೆ.

ಇವತ್ತು ಮೇಜಿನ ಮೇಲೆ ಮಗಳ ಕಡತ: ಮಾರಿಟ್ ತೈಪಲೆ.
ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ಎರಡು ಕೋಣೆಯ ಮನೆ,
ನೆಲಮಾಳಿಗೆಯಲ್ಲಿ ತೇವ.
ಮುಂಗಡಕ್ಕೆ ಹನ್ನೊಂದು ಸಾವಿರ, ಅಪ್ಪ ಕೊಟ್ಟ ಉಡುಗೊರೆ.
ಉಡುಗೊರೆಗೂ ಪತ್ರ ಬೇಕು. ನಮೂನೆ ನಮ್ಮದೇ,
ಅವನು ತುಂಬಿದ್ದು ಖಾಲಿ ಜಾಗ ಮಾತ್ರ.
ಸಂಬಂಧ: ಅಪ್ಪ.
ಹಣದ ಮೂಲ: ಹಿಮ.
ಕೊನೆಗೆ ಅಚ್ಚಾದ ಒಂದು ಸಾಲು:
"ಇದನ್ನು ತಿರುಗಿ ಕೊಡಬೇಕಾಗಿಲ್ಲ."
ಅದರಡಿ ಸಹಿ. ಹೆಸರಿನ ಮೊದಲಕ್ಷರದ ಬಾಯಿ
ಅಂದಿನ ಹಾಗೆ ಇಂದೂ ಪೂರ್ತಿ ಕೂಡಿಲ್ಲ.

ಇಷ್ಟು ವರ್ಷ ಸಾಲ ನೋಡಿದವನು
ಒಂದು ಸಾಲಿನೆದುರು ಕೂತೇ ಇದ್ದೆ,
ಕಾಫಿ ಆರುವ ತನಕ.

ಆಮೇಲೆ ನನ್ನ ಪಾಲಿನ ಕಮಿಷನ್ನಿನಿಂದ
ಅವಳ ಬಡ್ಡಿಗೆ ಇನ್ನೊಂದು ಅರೆಕಾಲು ಇಳಿಸಿದೆ.
ಕಾರಣ ಕೇಳುವ ಚೌಕದಲ್ಲಿ "ಪೈಪೋಟಿ" ಎಂದು ಬರೆದೆ.
ಅದೂ ಸುಳ್ಳೇ.
ಹೊರಗೆ ಮತ್ತೆ ಬೀಳತೊಡಗಿದೆ,
ಓರಿನ್‌ನ ಸಂಬಳ.